ನೆತ್ತಿಯಿಂದ ಎದ್ದ ಹೊಗೆ

ಬಣವೆಯ ಬೆಂಕಿ ಆರುವುದರೊಳಗೆ ಹಚ್ಚಿದವಳ ಹೆಸರು ಊರಿಗೆ ಸಿಕ್ಕಿಬಿಟ್ಟಿತ್ತು. ಬಾಲಮ್ಮ ಬೇವಿನ ಗಿಡದ ಬುಡದಲ್ಲಿ ಕುಂತಿದ್ದಳು. ಪಕ್ಕದಲ್ಲಿ ಗೋಗಿ ಪೊಲೀಸ್ ಠಾಣೆಯಿಂದ ಬಂದ ಹವಾಲ್ದಾರ ಮೌನಪ್ಪ ಲಾಠಿ ಬಗಲಲ್ಲಿ ಹಿಡಿದು ನಿಂತಿದ್ದ. ಎದುರಿಗೆ ಒಂದು ಸಗಣಿ ಕುಳ್ಳಿನ ಚೂರು ಇತ್ತು, ಅದರ ಮೇಲೆ ಆರಿದ ಕೆಂಡ. ಅದೇ ಸಾಕ್ಷಿ.

ಹುಲಗಪ್ಪ ಆ ಕುಳ್ಳನ್ನು ನೋಡಿದ, ಬಾಲಮ್ಮನನ್ನು ನೋಡಿದ. ಅವನು ಶಹಾಪುರದ ಅಗ್ನಿಶಾಮಕ ಠಾಣೆಯವನು. ಗಾಡಿ ಹೊರಟರೆ ಅವನೇ ಮುಂದಾಳು, ಬೆಂಕಿ ಆರಿದ ಮೇಲೆ ವರದಿ ಬರೆಯುವವನೂ ಅವನೇ. ವರದಿಯ ಹನ್ನೊಂದನೇ ಕಾಲಮಿನಲ್ಲಿ "ಬೆಂಕಿಗೆ ಕಾರಣ" ಎಂದು ಇರುತ್ತದೆ. ಹತ್ತು ವರ್ಷದಿಂದ ಅವನು ಅಲ್ಲಿ ಬೀಡಿ ಕಿಡಿ ಎಂದೋ ಕಿಡಿಗೇಡಿಗಳು ಎಂದೋ ಬರೆದುಕೊಂಡು ಬಂದಿದ್ದ. ಯಾರೂ ತಿರುಗಿ ಕೇಳಿರಲಿಲ್ಲ. ಕಳೆದ ತಿಂಗಳು ಸುರಪುರದ ಕಡೆ ಒಂದು ಭತ್ತದ ಬಣವೆ ಸುಟ್ಟಾಗಲೂ "ಬೀಡಿ ಕಿಡಿ" ಎಂದು ಬರೆದು ಸಹಿ ಹಾಕಿದ್ದ. ಆ ಹೊಲದಲ್ಲಿ ಬೀಡಿ ಸೇದುವವನು ಒಬ್ಬನೇ ಇದ್ದ, ಸಂಬಳದ ಆಳು. ಅವನನ್ನು ಮರುದಿನವೇ ಹೊಡೆದು ಓಡಿಸಿದರು ಎಂಬ ಸುದ್ದಿ ಹುಲಗಪ್ಪನಿಗೆ ಚಹಾದಂಗಡಿಯಲ್ಲಿ ಸಿಕ್ಕಿತ್ತು. ಅವತ್ತಿನಿಂದ ಆ ಕಾಲಮಿನ ಹತ್ತಿರ ಬಂದರೆ ಅವನ ಪೆನ್ನು ನಿಲ್ಲುತ್ತಿತ್ತು.

"ಬರೀರಿ ಸಾಹೇಬ್ರ," ಅಂದ ಬಣವೆಯ ಧಣಿ ಲಿಂಗಣ್ಣ. "ಬಾಲಿ ಹಚ್ಯಾಳಂತ ಬರೀರಿ. ನಿಮ್ಮ ಚೀಟಿ ಬಂತಂದ್ರ ಹವಾಲ್ದಾರ್ರು ಇವತ್ತೇ ಒಯ್ತೀನಿ ಅಂದಾರ."

"ನೀ ನೋಡೀಯೇನು?"

"ನೋಡೂದೇನದ? ಮುಂಜಾನಿ ಕೆಂಡ ತಗೊಂಡು ಈ ಹಾದಿಲೆ ಹೋದಳು. ಇಡೀ ಊರು ನೋಡ್ಯದ."

ಅದು ಸುಳ್ಳಲ್ಲ. ಬಾಲಮ್ಮನ ಮನೆಯಲ್ಲಿ ಕಡ್ಡಿಪೆಟ್ಟಿಗೆ ಇರುವ ದಿನ ಕಡಿಮೆ. ಒಲೆ ಹೊತ್ತಿಸಬೇಕಾದರೆ ಯಾರದೋ ಮನೆಯಿಂದ ಕುಳ್ಳಿನ ಮೇಲೆ ಕೆಂಡ ಇಟ್ಟುಕೊಂಡು ಬರುವುದು ಅವಳ ರೂಢಿ, ಅವಳ ತಾಯಿಯ ರೂಢಿ. ಅವತ್ತೂ ತಂದಿದ್ದಳು. ಹಾದಿ ಬಣವೆಯ ಮಗ್ಗುಲಿಗೇ ಇತ್ತು.

ಇನ್ನೊಂದು ಮಾತೂ ಸುಳ್ಳಲ್ಲ. ಮೂರು ವಾರದ ಹಿಂದೆ ಇದೇ ಹೊಲದಲ್ಲಿ ಅವಳು ಲಿಂಗಣ್ಣನಿಗೆ ಶಾಪ ಹಾಕಿದ್ದಳು. ಈ ಕಡೆ ಜೋಳ ಕೊಯ್ಯುವ ಹೆಂಗಸರಿಗೆ ಕೊನೆಯ ದಿನ ದನದ ಮೇವಿಗೆ ಒಂದು ಹೊರೆ ಕಣಿಕೆ, ಅಂದರೆ ಜೋಳದ ದಂಟು, ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಕಾಲುವೆ ನೀರು ಬಂದು ಜೋಳದ ಹೊಲ ಭತ್ತದ ಗದ್ದೆ ಆಯಿತು. ಬಾಲಮ್ಮ ಹನ್ನೊಂದು ದಿನ ಕೆಸರಿನಲ್ಲಿ ನಿಂತು ಭತ್ತ ಕೊಯ್ದು, ಕೊನೆಯ ದಿನ ತನ್ನ ಎಮ್ಮೆಗೆ ಒಂದು ಹೊರೆ ಹುಲ್ಲು ಕೇಳಿದಳು. ಲಿಂಗಣ್ಣ, "ಆ ಪದ್ಧತಿ ಜ್ವಾಳಕ್ಕ, ಭತ್ತಕ್ಕಲ್ಲ," ಅಂದ. ಅವಳು ಹಿಡಿ ಮಣ್ಣು ತೂರಿ, ಬೆರಳು ಲಟಲಟ ಮುರಿದು, "ನಿನ್ನ ಬಣಮಿಗಿ ಬೆಂಕಿ ಹತ್ಲಿ," ಅಂದಿದ್ದಳು. ನಲವತ್ತು ಜನ ಕೇಳಿಸಿಕೊಂಡಿದ್ದರು. ಅದರಲ್ಲಿ ಒಬ್ಬರಾದರೂ ಹುಲ್ಲು ಕೊಡು ಅಂದಿರಲಿಲ್ಲ. ಶಾಪ ಮಾತ್ರ ಎಲ್ಲರಿಗೂ ನೆನಪಿತ್ತು.

"ಶಾಪ ಹಾಕೀಯಂತಲ್ಲ, ಹೌದೇನು ಬಾಲಮ್ಮ?" ಹುಲಗಪ್ಪ ಕೇಳಿದ.

"ಹೌದು, ಅಂದೀನಿ. ಅನ್ನೂದು ಬಿಟ್ಟು ನನ್ನ ಕೈಯಾಗ ಮತ್ತೇನಿತ್ತು?"

"ಕೆಂಡ ಇತ್ತಲ್ಲ," ಅಂದ ಲಿಂಗಣ್ಣ.

"ಕೆಂಡ ಒಲಿಗಿ ತಂದಿದ್ದೆ. ಒಲಿ ನೋಡ್ ಹೋಗು. ಅಂಬಲಿ ಇನ್ನಾ ಬೆಚ್ಚಗ ಅದ. ಬೇಕಾದ್ರ ಒಂದು ಗುಟುಕು ಕುಡಿದು ಬಾ, ಹೊಟ್ಟಿ ತಂಪಾಗ್ತದ."

ಯಾರೋ ನಕ್ಕರು. ಮೌನಪ್ಪ ಲಾಠಿ ನೆಲಕ್ಕೆ ಕುಟ್ಟಿದ. ನಗು ನಿಂತಿತು.

ಹುಲಗಪ್ಪ ಬೂದಿಯ ಕಡೆ ನಡೆದ. ಗಾಡಿ ಬೇಗ ಬಂದಿದ್ದರಿಂದ ಬಣವೆ ಪೂರ್ತಿ ಕುಸಿದಿರಲಿಲ್ಲ, ಅದರ ರೂಪ ಉಳಿದಿತ್ತು. ಅವನು ಒಂದು ಸುತ್ತು ಬಂದ. ಬುಡದ ಹುಲ್ಲು ಸುತ್ತಲೂ ಹಳದಿಯಾಗಿಯೇ ಇತ್ತು, ಹಬೆಯಾಡುತ್ತ, ನೀರು ಸುರಿಸುತ್ತ. ಸುಟ್ಟದ್ದು ನಡುವೆ. ನಡುವೆ ಬಾವಿ ತೋಡಿದಂತೆ ತಳದ ತನಕ ತೂತು ಬಿದ್ದಿತ್ತು. ಆ ಬಾವಿಯ ಗೋಡೆ ಕಪ್ಪು, ಕಪ್ಪಿನ ಹೊರಗೆ ಕಂದು, ಕಂದಿನ ಹೊರಗೆ ಹಳದಿ. ತುಪ್ಪದಲ್ಲಿ ಕರಿದ ಗಾರಿಗೆಯನ್ನು ಮುರಿದರೆ ಹೊರಗೆ ಕಂದು, ಒಳಗೆ ತಿಳಿ ಬಣ್ಣ ಇರುತ್ತದೆ. ಇದು ತಿರುವುಮುರುವಾಗಿತ್ತು.

ಬೆಂಕಿಯ ಸ್ವಭಾವ ಅವನಿಗೆ ಗೊತ್ತು. ಬುಡಕ್ಕೆ ಕೆಂಡ ಇಟ್ಟರೆ ಬೆಂಕಿ ಹೊರಮೈ ಹಿಡಿದು ಮೇಲೇರುತ್ತದೆ. ಕೆಳಗೆ ಕಿರಿದು, ಮೇಲೆ ಅಗಲ, ಬೀಸಣಿಗೆ ಬಿಚ್ಚಿದಂತೆ ಕರಿ ಗುರುತು ಬಿಡುತ್ತದೆ. ಒಳಗಿನ ಹುಲ್ಲು ಒತ್ತಾಗಿ ಇರುವುದರಿಂದ ಗಾಳಿ ಸಿಗದೆ ಎಷ್ಟೋ ಹೊತ್ತು ಉಳಿಯುತ್ತದೆ. ಇಲ್ಲಿ ಹೊರಗಿನದು ಉಳಿದು ಒಳಗಿನದು ಹೋಗಿತ್ತು.

"ಮೊದಲ ನೋಡಿದವರು ಯಾರು?" ಅಂದ.

ಬಣವೆ ಒಟ್ಟಿದ ಅಂಬ್ರಪ್ಪ ಮುಂದೆ ಬಂದ. ಅರವತ್ತರ ಆಸುಪಾಸಿನ ಮುದುಕ. ಸುತ್ತ ಹತ್ತು ಹಳ್ಳಿಯಲ್ಲಿ ಬಣವೆ ಅಂದರೆ ಅಂಬ್ರಪ್ಪ. ಅವನು ಒಟ್ಟಿದ ಕಣಿಕೆಯ ಬಣವೆಯಲ್ಲಿ ನಾಲ್ಕು ಮಳೆಗಾಲ ಕಳೆದರೂ ಒಂದು ಹನಿ ಇಳಿಯುವುದಿಲ್ಲ ಎಂದು ಮಾತಿತ್ತು.

"ನಾನೇ ನೋಡೀನ್ರಿ."

"ಹೊಗಿ ಎಲ್ಲಿಂದ ಬಂತು ಕಾಕಾ? ಬುಡದಿಂದೋ ಮಗ್ಗಲಿಂದೋ?"

ಅಂಬ್ರಪ್ಪ ಬಾಯಿ ತೆರೆದ, ಲಿಂಗಣ್ಣನ ಮುಖ ನೋಡಿದ, ಮುಚ್ಚಿದ. ಆಮೇಲೆ, "ನೆತ್ತಿಲಿಂದ್ರಿ," ಅಂದ.

"ಕೆಂಡ ಕೆಳಗಿಟ್ರ ಹೊಗಿ ನೆತ್ತಿಲಿಂದ ಯಾಕ ಬಂತು?"

"ಬಾಲಿ ಮ್ಯಾಲ ಒಗದಾಳ," ಅಂದ ಲಿಂಗಣ್ಣ.

"ಹದಿನೆಂಟು ಅಡಿ ಬಣಮಿ ಮ್ಯಾಲ?" ಗಾಡಿಯ ಡ್ರೈವರ್ ಮೈನುದ್ದೀನ ಪೈಪು ಸುತ್ತುತ್ತ ಕೇಳಿದ. "ಹಂಗಾದ್ರ ಗೌಡ್ರ, ಈಕಿನ್ನ ಜೇಲಿಗಿ ಹಾಕಬ್ಯಾಡ್ರಿ. ಕ್ರಿಕೆಟ್ ಟೀಮಿಗಿ ಹಾಕ್ರಿ."

ಹುಲಗಪ್ಪನಿಗೆ ನಗು ಬರಲಿಲ್ಲ. ಗಾಳಿ ಮೂಡಣದಿಂದ ಬೀಸುತ್ತಿತ್ತು. ಬಾಲಮ್ಮನ ಹಾದಿ ಬಣವೆಯ ಪಡುವಣಕ್ಕಿತ್ತು. ಅವಳ ಕೆಂಡದಿಂದ ಕಿಡಿ ಹಾರಿದ್ದರೂ ಬಣವೆಯಿಂದ ದೂರಕ್ಕೇ ಹಾರಬೇಕು. ಅಷ್ಟೆಲ್ಲ ಸರಿ. ಆದರೆ ಬಾಲಮ್ಮ ಹಚ್ಚಿಲ್ಲ ಎಂದರೆ ಮತ್ತೆ ಹಚ್ಚಿದ್ದು ಯಾರು ಎಂದು ಮೌನಪ್ಪ ಕೇಳುತ್ತಾನೆ. ಯಾರೂ ಹಚ್ಚಿಲ್ಲ ಎಂದರೆ ನಂಬುವವರು ಯಾರು?

ಅವನು ತಲೆ ಎತ್ತಿದ. ಸುಟ್ಟ ಬಣವೆಯಿಂದ ಮೂವತ್ತು ಮಾರು ಆಚೆ ಇನ್ನೊಂದು ಬಣವೆ ನಿಂತಿತ್ತು.

"ಅದು ಯಾರದು?"

"ನಂದೇ," ಅಂದ ಲಿಂಗಣ್ಣ. "ಅದನ್ನೂ ಈಕಿ ಕೈಯಾಗ ಕೊಡ್ಲೇನು?"

"ಯಾವಾಗ ಒಟ್ಟಿದ್ರಿ?"

"ಈ ಸುಟ್ಟದ್ದು ಒಟ್ಟಿದ ನಾಕು ದಿನಕ್ಕ," ಅಂದ ಅಂಬ್ರಪ್ಪ. "ಇದೇ ಗದ್ದಿ ಹುಲ್ಲು. ಕಾಲಿವಿ ನೀರು ಬಿಡ್ತಾರ, ಎರಡನೇ ಬೆಳಿ ಹಚ್ಚಬೇಕು, ಗದ್ದಿ ಖಾಲಿ ಮಾಡಂದ್ರು ಗೌಡ್ರು. ಹಸಿ ಇದ್ದಂಗೇ ಎತ್ತಿ ಒಟ್ಟಿದೆ. ಮ್ಯಾಲ ನಾಕು ಮಂದಿ ನಿಂತು ತುಳದೀವಿ. ಗಾಳಿ ಸೈತ ಹೋಗಂಗಿಲ್ಲ ಒಳಗ."

ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ. ತಪ್ಪು ಅವನದಲ್ಲ. ಕಾಲುವೆಗೆ ನೀರು ಬಂದು ಮೂರು ವರ್ಷ. ಭತ್ತದ ಸಸಿ ಹಚ್ಚುವುದನ್ನು ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರಿಂದ ನೋಡಿ ಕಲಿತರು, ಗೊಬ್ಬರ ಹಾಕುವುದನ್ನು ಅಂಗಡಿಯವನಿಂದ ಕೇಳಿ ಕಲಿತರು. ಬಣವೆ ಒಟ್ಟುವುದನ್ನು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ತಲೆತಲಾಂತರದಿಂದ ಒಟ್ಟಿದವರು, ಕೇಳುವುದೇನು? ಆದರೆ ಜೋಳದ ಕಣಿಕೆ ಹೊಲದಲ್ಲೇ ಬಿದ್ದು ಬಿಸಿಲಿಗೆ ಒಣಗಿ ಗಣಗಣ ಅನ್ನುತ್ತಿತ್ತು. ಅದನ್ನು ಎಷ್ಟು ಬಿಗಿ ಒಟ್ಟಿದರೂ ನಡೆಯುತ್ತಿತ್ತು. ಭತ್ತದ ಹುಲ್ಲು ಕಾಲಡಿಯ ಕೆಸರನ್ನು ಕುಡಿದುಕೊಂಡೇ ಬಣವೆ ಏರಿತ್ತು.

"ಒಂದು ಹಾರಿ ತರ್ರಿ," ಅಂದ ಹುಲಗಪ್ಪ. "ಉದ್ದಂದು."

ಹಾರೆ ಬಂತು. ಅಂಬ್ರಪ್ಪ ಬಣವೆ ಹತ್ತಲು ಹೋದ. ಹುಲಗಪ್ಪ ಅವನ ರಟ್ಟೆ ಹಿಡಿದು ಎಳೆದ. "ಹತ್ತಬ್ಯಾಡ ಕಾಕಾ. ಒಳಗ ಟೊಳ್ಳಾಗಿದ್ರ ಕಾಲು ಇಳಿತದ. ಇಳಿದ್ರ ನಿನ್ನ ತೆಗಿಯೂದು ಆಗಂಗಿಲ್ಲ."

ಕೆಳಗೇ ನಿಂತು ಎದೆ ಮಟ್ಟಕ್ಕೆ ಹಾರೆಯನ್ನು ತೂರಿಸಿದ. ಮೊದಲು ಬಿಗಿ ಇತ್ತು. ನಾಲ್ಕಡಿ ಹೋದ ಮೇಲೆ ಒಳಗೆ ಏನೋ ಬಿಟ್ಟುಕೊಟ್ಟಂತೆ ಸಲೀಸಾಗಿ ಜಾರಿತು. ಅದು ಅವನಿಗೆ ಒಳ್ಳೆಯದೆನಿಸಲಿಲ್ಲ. ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಎಳೆದ. ತುದಿಯಿಂದ ಸಣ್ಣಗೆ ಹಬೆ ಎದ್ದಿತು. ಬೆಲ್ಲ ತಳ ಹಿಡಿದಂಥ ವಾಸನೆ.

"ಹಿಡಿ ಲಿಂಗಣ್ಣ."

ಲಿಂಗಣ್ಣ ಹಿಡಿದ, ಹಿಡಿದಷ್ಟೇ ಬೇಗ ಒಗೆದು ಕೈಯನ್ನು ಧೋತರಕ್ಕೆ ಒರೆಸಿಕೊಂಡ. "ಬಿಸಲಿಗಿ ಬಿದ್ದಿತ್ತು ಹಾರಿ. ಕಾಯದೇ ಬಿಡ್ತದೇನು?"

"ಬಿಸಲು ಒಂದೇ ತುದಿ ಕಾಸ್ತದೇನು? ನಾ ಹಿಡದ ತುದಿ ಮುಟ್ಟು."

ಲಿಂಗಣ್ಣ ಆ ತುದಿ ಮುಟ್ಟಿದ. ತಣ್ಣಗಿತ್ತು.

"ಚಳಿಗಾಲದಾಗ ನಾಯಿ ತಿಪ್ಪಿ ಮ್ಯಾಲ ಯಾಕ ಮಲಗ್ತದ?" ಹುಲಗಪ್ಪ ಎಲ್ಲರನ್ನೂ ಕೇಳಿದ. "ಬೆಚ್ಚಗಿರ್ತದಂತ. ತಿಪ್ಪಿಗಿ ಯಾರು ಕೆಂಡ ಹಾಕ್ಯಾರ? ಹಸಿದು ಒತ್ತಿ ಇಟ್ರ ಕೊಳಿತದ, ಕೊಳಿತಾ ಕಾಯ್ತದ. ತಿಪ್ಪಿ ಸಣ್ಣದು, ಕಾವು ಹೊರಗ ಹೋಗ್ತದ. ಇದು ಮನಿಯಷ್ಟದ. ಕಾವಿಗಿ ಹೊರಗ ಹೋಗಾಕ ಹಾದಿ ಇಲ್ಲ. ದಿನಾ ಒಂದೀಟು ಕೂಡಿಕೊಂತ ಹೋಗ್ತದ. ಕಡಿಗಿ ತನಗ ತಾನೇ ಸುಡ್ತದ."

ಅಂಬ್ರಪ್ಪ ಮೆಲ್ಲಗೆ, ತನಗೇ ಹೇಳಿಕೊಂಡಂತೆ ಅಂದ: "ನೆಲದಾಗಿನ ಹಗೇವಿಗಿ ನೀರು ಹೊಕ್ಕಾಗ ಒಳಗಿನ ಜ್ವಾಳ ಕೈ ಸುಡತಿದ್ವು."

"ಅದೇ ಕಾಕಾ. ಅದೇ."

ಆಗ ಲಿಂಗಣ್ಣನಿಗೆ ಬುದ್ಧಿ ಇನ್ನೊಂದು ಕಡೆಯಿಂದ ಬಂತು. ಇದೂ ಸುಡುತ್ತದೆ! "ಏ, ಏನ್ ನೋಡ್ತೀರೋ, ಕೀಳ್ರೋ! ಕಿತ್ತು ಹರವ್ರಿ! ಇದ್ದಷ್ಟರೆ ಉಳೀಲಿ!"

ನಾಲ್ಕಾರು ಜನ ನುಗ್ಗಿದರು. ಹುಲಗಪ್ಪ ಹಾರೆ ಅಡ್ಡ ಹಿಡಿದ.

"ಮುಟ್ಟಬ್ಯಾಡ್ರಿ! ಒಳಗ ಹುಲ್ಲದ, ಕಾವದ. ಇಲ್ಲದ್ದು ಗಾಳಿ ಒಂದೇ. ನೀವು ಕಿತ್ರಿ ಅಂದ್ರ ಅದನ್ನೂ ಕೊಟ್ಟಂಗ ಆಗ್ತದ. ಮಾರಿ ಮ್ಯಾಲೇ ಭಗ್ ಅಂತದ. ಮೈನುದ್ದೀನ, ನೀರು ಎಷ್ಟದ?"

"ತಳಾ ಕೆರದ್ರ ಎರಡು ಕೊಡ ಸಿಗ್ತದ."

"ಕಾಲಿವಿಗಿ ಹೋಗು. ತುಂಬಿಕೊಂಡು ಬಾ."

ಮೈನುದ್ದೀನ ಗಾಡಿಯ ಕಡೆ ಹೋಗುತ್ತ ಹತ್ತಿರ ಬಂದು ದನಿ ಇಳಿಸಿದ. "ಅಣ್ಣಾ, ಸುಮ್ಮ ಕೀಳ್ಲಿ ಬಿಡು. ಹವಾಲ್ದಾರನ ಕಣ್ಣ ಮುಂದ ಭಗ್ ಅನ್ಲಿ. ಆಕಿ ಕೇಸ್ ಖತಂ. ನೀ ಎಷ್ಟು ಬರದ್ರೂ ಅಷ್ಟು ಪಕ್ಕಾ ಸಾಕ್ಷಿ ಸಿಗಂಗಿಲ್ಲ."

ಹುಲಗಪ್ಪ ಅದನ್ನು ಆಗಲೇ ಯೋಚಿಸಿದ್ದ. ನೀರು ಹೊಡೆದು, ತೋಯಿಸಿ, ಪದರ ಪದರವಾಗಿ ಬಿಚ್ಚಿದರೆ ಉರಿ ಏಳುವುದಿಲ್ಲ. ಉರಿ ಏಳದಿದ್ದರೆ ಊರು ನಂಬುವುದಿಲ್ಲ. ಬಿಸಿ ಹಾರೆಯನ್ನು ನಾಳೆ ಹೊತ್ತಿಗೆ ಎಲ್ಲರೂ ಮರೆಯುತ್ತಾರೆ, ಮಣ್ಣು ತೂರಿದ್ದನ್ನು ಮರೆಯುವುದಿಲ್ಲ. ಅವನು ಬೇವಿನ ಗಿಡದ ಕಡೆ ನೋಡಿದ. ಬಾಲಮ್ಮ ಸೆರಗಿನ ತುದಿಯಲ್ಲಿ ಒಂದು ಇರುವೆಯನ್ನು ಕೊಡವುತ್ತಿದ್ದಳು. ಬಣವೆಯ ಸುತ್ತ ನುಗ್ಗಿದವರಲ್ಲಿ ಅವಳ ಜತೆ ಕೊಯ್ದ ಕೂಲಿಗಳೇ ಇದ್ದರು. ಭಗ್ ಅಂದರೆ ಸುಡುವುದು ಅವರ ಮುಖ, ಲಿಂಗಣ್ಣನದಲ್ಲ.

"ನಮಗ ಪಗಾರ ಕೊಡೂದು ಬೆಂಕಿ ಆರ್ಸಾಕ," ಅಂದ. "ತೋರ್ಸಾಕಲ್ಲ. ನಡಿ."

ಗಾಡಿ ತಿರುಗಿ ಬರಲು ಅರ್ಧ ತಾಸು ಹಿಡಿಯಿತು. ಆ ಅರ್ಧ ತಾಸು ಹುಲಗಪ್ಪ ಹಾರೆ ಹಿಡಿದು ಬಣವೆಗೆ ಕಾವಲು ನಿಂತ. ಕೈ ಕಟ್ಟಿ ನಿಂತ ಲಿಂಗಣ್ಣ, ತನ್ನ ಬಣವೆ ತಾನು ಕೀಳಲು ಸರ್ಕಾರದ ಅಪ್ಪಣೆ ಬೇಕಾಯಿತಲ್ಲ ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದ.

ಗಾಡಿ ಬಂತು. ಮೊದಲು ನೆತ್ತಿಗೆ, ಆಮೇಲೆ ಸುತ್ತಲೂ ನೀರು. ಕೆಲಸ ಶುರುವಾಯಿತು. ಮೈನುದ್ದೀನ ಪೈಪು ಹಿಡಿದು ನಿಂತರೆ, ಒಬ್ಬೊಬ್ಬರಾಗಿ ಬಂದು ಒಂದು ತೆಕ್ಕೆ ಹುಲ್ಲು ಎಳೆದು ದೂರ ಹಾಕಬೇಕು. ಮೊದಲ ಪದರ ಹಳದಿ. ಆಮೇಲೆ ಕಂದು. ಆಮೇಲೆ ತಂಬಾಕಿನ ಎಲೆಯಂಥ ಗಾಢ ಬಣ್ಣ, ಕೈಗೆ ಹಿಡಿದರೆ ಪುಡಿ. ಜನ ಹಿಡಿದು ಮೂಸಿ ನೋಡಿದರು, ಒಬ್ಬರ ಕೈಯಿಂದ ಒಬ್ಬರಿಗೆ ಕೊಟ್ಟರು. ಮೌನಪ್ಪನೂ ಗಿಡದ ಬುಡ ಬಿಟ್ಟು ಹತ್ತು ಹೆಜ್ಜೆ ಮುಂದೆ ಬಂದ.

ಅಂಬ್ರಪ್ಪನಿಗೆ ತಡೆಯಲಾಗಲಿಲ್ಲ. ತಾನು ಒಟ್ಟಿದ ಬಣವೆ. ತನಗೆ ಗೊತ್ತಿಲ್ಲದ್ದು ಅದರೊಳಗೆ ಏನಿದೆ ಎಂದು ಸರದಿ ಕಾಯದೆ ನುಗ್ಗಿ, ಎರಡೂ ಕೈ ಒಳಗೆ ಹಾಕಿ, ದೊಡ್ಡ ತೆಕ್ಕೆಯನ್ನು ಒಮ್ಮೆಲೇ ಎಳೆದುಬಿಟ್ಟ. ಒಳಗೆ ಕರಿ ಗುಹೆ ಕಂಡಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಹೆಯ ಅಂಚು ಕೆಂಪಾಯಿತು, ಕೆಂಪು ಹಳದಿಯಾಯಿತು, ಮೊಳದುದ್ದದ ಉರಿ ನಾಲಿಗೆ ಹೊರಗೆ ಚಾಚಿತು. ಹುಲಗಪ್ಪ ಮುದುಕನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದ. ಮೈನುದ್ದೀನ ನೀರು ಬಿಟ್ಟ. ಸುಂಯ್ ಅಂದು ಹಬೆ ಎದ್ದು ಎಲ್ಲರನ್ನೂ ಮುಚ್ಚಿತು.

ಹಬೆ ಇಳಿದಾಗ ಅಂಬ್ರಪ್ಪ ನೆಲದ ಮೇಲೆ ಕುಂತಿದ್ದ. ಹುಬ್ಬು ಇರಲಿಲ್ಲ. ಮತ್ತೇನೂ ಆಗಿರಲಿಲ್ಲ.

"ಕಾಕಾ, ಮೀಸಿ ಅವ, ಅಂಜಬ್ಯಾಡ," ಅಂದ ಮೈನುದ್ದೀನ.

ಅಂಬ್ರಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. "ನಾ ನೋಡೀನ್ರಿ," ಅಂದ. "ಎಂಟು ದಿನ ಆತು. ಮುಂಜಾನಿ ಆ ಸುಟ್ಟ ಬಣಮಿ ನೆತ್ತಿಲಿಂದ ಹಬಿ ಏಳತಿತ್ತು. ಇಬ್ಬನಿ ಅಂದ್ಕೊಂಡೆ. ಆಮ್ಯಾಲ ಬೆಲ್ಲದ ವಾಸನಿ ಬಂತು. ಭತ್ತದ ಹುಲ್ಲಿನ ಗುಣಾನೇ ಹಿಂಗಿರಬೇಕು ಅಂದ್ಕೊಂಡೆ. ಇದನ್ನ ಯಾರಿಗಿ ಕೇಳ್ಬೇಕು? ನಾನೇ ಅಂಬ್ರಪ್ಪ."

ಮೌನಪ್ಪ ಬೇವಿನ ಗಿಡವನ್ನೂ ಗುಹೆಯನ್ನೂ ತಿರುಗಿ ತಿರುಗಿ ನೋಡಿದ. ನಡುವೆ ಇದ್ದ ದೂರವನ್ನು ಕಣ್ಣಲ್ಲೇ ಅಳೆದ. ಕೊನೆಗೆ ಲಾಠಿಯಿಂದ ಕುಳ್ಳಿನ ಚೂರನ್ನು ಸರಿಸಿ, "ಏಳವ್ವ," ಅಂದ. "ಮನಿಗಿ ಹೋಗು."

ಹುಲಗಪ್ಪ ಗಾಡಿಯ ಮೆಟ್ಟಿಲ ಮೇಲೆ ಕುಂತು ಹನ್ನೊಂದನೇ ಕಾಲಮು ಬರೆದ. ಹಸಿ ಭತ್ತದ ಹುಲ್ಲನ್ನು ಒತ್ತಿ ಒಟ್ಟಿದ್ದರಿಂದ ತಾನೇ ಕಾದು ಹತ್ತಿದ ಬೆಂಕಿ. ಯಾರೂ ಹಚ್ಚಿದ್ದಲ್ಲ. ಎರಡನೇ ಬಣವೆಯಲ್ಲಿ ಅದೇ ಸ್ಥಿತಿ ಹವಾಲ್ದಾರರ ಸಮಕ್ಷಮ ಕಂಡುಬಂದಿದೆ. ಮೌನಪ್ಪನಿಂದ ಅಡಿಯಲ್ಲಿ ಸಹಿ ಹಾಕಿಸಿದ. ಅದನ್ನು ಬರೆಯುವಾಗ ಸುರಪುರದ ಕಡೆಯ ಆ ಆಳಿನ ನೆನಪಾಯಿತು. ಅವನ ಹೆಸರೂ ಗೊತ್ತಿರಲಿಲ್ಲ. ಕೊಟ್ಟ ವರದಿಗೆ ಹೊಸ ಹಾಳೆ ಹಚ್ಚಲು ಬರುವುದಿಲ್ಲ.

ಗುಂಪಿನಲ್ಲಿ ಗುಜುಗುಜು ಶುರುವಾಗಿತ್ತು. ಒಬ್ಬ ಹೆಂಗಸು ಬಾಯಿಗೆ ಸೆರಗು ಹಿಡಿದು ಅಂದಳು: "ಕೆಂಡ ಇಟ್ಟು ಹಚ್ಚಿದ್ರ ಯಾರರೆ ಹಚ್ತಾರ. ಬರೇ ಮಾತಿಗಿ ಹತ್ತಿತಲ್ಲ ಯವ್ವಾ!"

"ಮಣ್ಣು ತೂರಿದ ಕೈ ಅದು," ಅಂದ ಇನ್ನೊಬ್ಬ.

ಲಿಂಗಣ್ಣ ಬಾಲಮ್ಮನ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹುಲಗಪ್ಪ ಗಾಡಿಯ ಮೆಟ್ಟಿಲಿನಿಂದ ಎದ್ದು ಬಂದ.

"ಬಾಲಮ್ಮ, ನೀ ಶಾಪ ಹಾಕಿದಾಗ ಎರಡನೇ ಬಣಮಿ ಇತ್ತೇನು?"

"ಎಲ್ಲಿದು? ಅದರ ಹುಲ್ಲು ಇನ್ನಾ ಗದ್ದ್ಯಾಗೇ ಬಿದ್ದಿತ್ತು."

"ಕೇಳಿದ್ರಿಲ್ಲೋ! ಹುಟ್ಟದ ಬಣಮಿಗಿ ಶಾಪ ಹ್ಯಾಂಗ ತಟ್ತದ?"

ಗುಂಪು ಅದನ್ನು ಯೋಚಿಸಿತು. "ಹುಟ್ಟದ್ದಕ್ಕೂ ತಟ್ಟಿತು ನೋಡು," ಅಂದಳು ಅದೇ ಹೆಂಗಸು.

ಬಾಲಮ್ಮ ನಕ್ಕಳು. ಅವತ್ತು ಮೊದಲ ಸಲ. "ಅಕ್ಕಾ, ನನ್ನ ಮಾತಿಗಿ ಅಷ್ಟು ಕಾವಿದ್ರ, ಅದನ್ನ ಹುಲ್ಲಿನ ಮ್ಯಾಲ ಖರ್ಚ್ ಮಾಡ್ತಿದ್ನೇನು?"

ಈಗ ಯಾರೂ ನಗಲಿಲ್ಲ. ಅವಳು ಹುಲಗಪ್ಪನ ಹತ್ತಿರ ಬಂದು ಕಾಗದವನ್ನು ಗದ್ದದಿಂದಲೇ ತೋರಿಸಿದಳು.

"ಏನ್ ಬರದಿ ಯಪ್ಪಾ?"

"ನೀ ಹಚ್ಚಿಲ್ಲಂತ."

"ಮಾತು ಹಚ್ಚಿಲ್ಲಂತ ಬರದೀಯೇನು?"

"ಅದಕ್ಕ ಕಾಲಂ ಇಲ್ಲ ಯವ್ವಾ. ಬೇಕಂದ್ರ ಕೆಳಗ ಒಂದು ಸಾಲು ಬರೀತೀನಿ."

ಅವಳು ಗುಂಪನ್ನು ನೋಡಿದಳು, ಲಿಂಗಣ್ಣನನ್ನು ನೋಡಿದಳು. "ಬ್ಯಾಡ ಬಿಡು," ಅಂದಳು. "ಇರ್ಲಿ. ಅಂಜಿಕೊಂಡೇ ಇರ್ಲಿ."

ಕಿತ್ತು ಹರವಿದ ಹುಲ್ಲಿನ ಕಡೆ ನಡೆದಳು. ಹೊರ ಪದರದ ಹಳದಿ ಹುಲ್ಲನ್ನು ಆರಿಸಿ ಆರಿಸಿ ತೆಗೆದಳು. ಹುಲ್ಲನ್ನೇ ಹೊಸೆದು ಹಗ್ಗ ಮಾಡಿ ಹೊರೆ ಕಟ್ಟಿದಳು, ಸಣ್ಣದಲ್ಲ, ದೊಡ್ಡ ಹೊರೆ. ಲಿಂಗಣ್ಣನ ಕಣ್ಣ ಮುಂದೆಯೇ. ಅವನು ತಡೆಯಲಿಲ್ಲ. ಹೊರೆ ಎತ್ತಲು ಕೈ ಕೊಡಲು ಮೂವರು ಓಡಿ ಬಂದರು. ಮೂರು ವಾರದ ಹಿಂದೆ ಒಂದು ಮಾತೂ ಆಡದವರೇ ಅವರು.

"ತೊಯ್ದದ," ಅಂದ ಹುಲಗಪ್ಪ. "ಕೂಡಿ ಹಾಕಬ್ಯಾಡ. ತೆಳ್ಳಗ ಹರವು. ಮುರದ್ರ ಲಟ್ ಅನ್ನೂ ತನಕ ಒಣಗ್ಲಿ, ಆಮ್ಯಾಲ ಒಟ್ಟು."

"ಹೂಂ," ಅಂದಳು. ತಿರುಗಿ ನೋಡಲಿಲ್ಲ.

ಮರುವರ್ಷ ಅದೇ ಕಾಲಕ್ಕೆ ಗಾಡಿ ಬೇರೊಂದು ಊರಿನ ಬೆಂಕಿಗೆ ಅದೇ ಕಾಲುವೆ ಹಾದಿಯಲ್ಲಿ ಓಡುತ್ತಿತ್ತು. ಎರಡೂ ಬದಿ ಹೊಸ ಬಣವೆಗಳು, ಬಿಗಿಯಾಗಿ, ಚೆಂದಾಗಿ, ಗಾಳಿ ಹೋಗದಂತೆ. ಒಂದೊಂದರ ನೆತ್ತಿಗೂ ಒಂದು ಹರಕು ಚಪ್ಪಲಿ, ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ದೃಷ್ಟಿ ತಾಗಬಾರದೆಂದು, ಬಾಯಿ ತಾಗಬಾರದೆಂದು. ಎರಡು ಬಣವೆಗಳ ನೆತ್ತಿಯಲ್ಲಿ ಬೆಳಗಿನ ಚಳಿಗೆ ಸಣ್ಣಗೆ ಹಬೆ ಏಳುತ್ತಿತ್ತು.

"ನಿಲ್ಲಿಸ್ಲೇನು?" ಮೈನುದ್ದೀನ ಕೇಳಿದ.

"ಬರೂವಾಗ ನಿಲ್ಲಿಸು. ಹಾರಿ ಅದಲ್ಲ ಗಾಡ್ಯಾಗ?"

"ಅದ."

ಮುಂದೆ ಕಾಲುವೆ ಏರಿಯ ಮೇಲೆ ಒಂದು ಕಡೆ ಹುಲ್ಲನ್ನು ಅಂಗೈ ದಪ್ಪಕ್ಕೆ ಹರವಿದ್ದರು, ಹಪ್ಪಳ ಒಣಗಲು ಹಾಕಿದಂತೆ. ಪಕ್ಕದಲ್ಲಿ ಒಂದು ಎಮ್ಮೆ. ಬಾಲಮ್ಮ ಬಗ್ಗಿ ಒಂದು ಕಡ್ಡಿ ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದಳು. ಅದು ಲಟ್ ಅಂದಿತೋ ಇಲ್ಲವೋ ಗಾಡಿಯ ಸದ್ದಿನಲ್ಲಿ ಹುಲಗಪ್ಪನಿಗೆ ಕೇಳಿಸಲಿಲ್ಲ. ಅವಳು ಕಡ್ಡಿ ಬಿಸಾಕಿ ಮತ್ತೆ ಹುಲ್ಲು ಮಗುಚತೊಡಗಿದಳು.